ಆಟದ ನೇರಪ್ರಸಾರದಲ್ಲಿ ಚಿತ್ರಶುದ್ಧಿ

ಈಚೆಗೆ ನಮ್ಮ ಅನ್ನಪೂರ್ಣೇಶ್ವರಿ ನಗರದಲ್ಲಿ ರಾತ್ರಿಯ ಊಟವಾದ ಮೇಲೆ ಬೀದಿಯಲ್ಲಿ ನಾಲ್ಕು ಹೆಜ್ಜೆ ಅಡ್ಡಾಡುವವರಿಗೆ ಒಂದೆರಡು ಮಹಡಿಯ ಕೋಣೆಗಳಿಂದಲಾದರೂ ಒಂಟಿ ಮಾತಿನ ಧ್ವನಿಯು ಕೇಳಿಬರುವುದುಂಟು. ಒಳಗೆ ಕುಳಿತಿರುವ ತರುಣನೋ ತರುಣಿಯೋ ಕಂಪ್ಯೂಟರಿನಲ್ಲಿ ಆಟವಾಡುತ್ತ, ಆಡುವುದನ್ನು ಆ ಕ್ಷಣದಲ್ಲಿಯೇ ಊರೂರಿನ ನೋಟಕರಿಗೆ ತೋರಿಸುತ್ತ, ಅವರೊಡನೆ ಮಾತನಾಡುತ್ತಿರುವರು. ಇದಕ್ಕೆ ನೇರಪ್ರಸಾರವೆಂದು ಹೆಸರು. ಮಕ್ಕಳ ಬಾಯಲ್ಲಿ ಇದು ‘ಲೈವ್’. ಒಬ್ಬರು ಆಡುವುದನ್ನು ಇನ್ನೊಬ್ಬರು ನೋಡುವುದರಲ್ಲಿ ಏನು ಸುಖವೆಂದು ಕೇಳುವ ಹಿರಿಯರಿದ್ದಾರೆ. ಜಗಲಿಯಲ್ಲಿ ಇಬ್ಬರು ಚದುರಂಗಕ್ಕೆ ಕುಳಿತರೆ ಸುತ್ತ ಎಂಟು ಮಂದಿ ನಿಂತು ‘ಕುದುರೆ ನಡೆಸು, ಆನೆಯನ್ನು ಬಿಡಬೇಡ’ ಎಂದು ಕೂಗುತ್ತಿದ್ದುದನ್ನು ಕಂಡವರಿಗೆ ಈ ಸಂಶಯವು ಹುಟ್ಟಲಾರದು.

ಆಟವಾಡುವುದು ಒಳ್ಳೆಯದೋ ಕೆಟ್ಟದೋ ಎಂಬ ಚರ್ಚೆಗೆ ನಾವು ಇಲ್ಲಿ ಕೈಹಾಕುವುದಿಲ್ಲ. ಅದು ಪ್ರತಿ ಮನೆಯಲ್ಲಿಯೂ ಬೇಕಾದಷ್ಟು ನಡೆದಿರುವುದು. ನಮ್ಮ ವಿಷಯವು ಅದಕ್ಕಿಂತ ಕಿರಿದು; ಆದರೆ ಗೃಹಸ್ಥನ ಹಣದ ಚೀಲಕ್ಕೆ ಬಹು ಸಮೀಪವಾದದ್ದು. ಆಡುವವರ ಮುಂದಿನ ಪರದೆಯಲ್ಲಿ ಕನ್ನಡಿಯಂತೆ ಹೊಳೆಯುವ ಚಿತ್ರವು ನೋಡುವವರ ಪರದೆಗೆ ಹೋಗಿ ಮುಟ್ಟುವಷ್ಟರಲ್ಲಿ ಕಲಸಿದ ಹಿಟ್ಟಿನಂತಾಗುವುದು. ನೋಟಕರು ಮೊದಲು ಗೊಣಗುವರು. ಆಮೇಲೆ ಒಬ್ಬೊಬ್ಬರಾಗಿ ಎದ್ದುಹೋಗುವರು. ಆಗ ಮಕ್ಕಳು ತಂದೆಯ ಬಳಿಗೆ ಬಂದು ಹೊಸ ಯಂತ್ರವನ್ನು, ಇಲ್ಲವೆ ಯಂತ್ರದಲ್ಲಿ ಚಿತ್ರ ಬರೆಯುವ ಭಾಗವಾದ ಗ್ರಾಫಿಕ್ಸ್ ಕಾರ್ಡನ್ನು ಕೊಡಿಸೆಂದು ಕೇಳುವರು. ಅದರ ಬೆಲೆಯೋ, ಮಧ್ಯಮ ಸ್ಥಿತಿಯ ಸಂಸಾರಕ್ಕೆ ಒಂದೆರಡು ತಿಂಗಳ ಖರ್ಚು. ಕೊಡುವುದಕ್ಕೆ ಮುಂಚೆ ತಂದೆತಾಯಿಗಳು ತಿಳಿದಿರತಕ್ಕ ಕೆಲವು ಸಂಗತಿಗಳಿವೆ.

ಮೊದಲು ಚಿತ್ರವು ಎಲ್ಲಿ ಕೆಡುವುದೆಂಬುದನ್ನು ವಿಚಾರಿಸೋಣ. ಇಲ್ಲಿ ಚಿತ್ರಗಳು ಎರಡು. ಒಂದು ಆಟವು ಬರೆದು ಆಡುವವರ ಮುಂದೆ ಇಡುವ ಚಿತ್ರ. ಇನ್ನೊಂದು ಮನೆಯಿಂದ ಹೊರಟು, ತಂತಿಯಲ್ಲಿ ಹರಿದು, ಯೂಟ್ಯೂಬು ಮೊದಲಾದ ಪ್ರಸಾರಶಾಲೆಗಳನ್ನು ಹೊಕ್ಕು, ಅಲ್ಲಿಂದ ನೋಟಕನ ಕೈಯ ಫೋನಿಗೆ ಬರುವ ಚಿತ್ರ. ಮೊದಲನೆಯದು ಸಾಧಾರಣವಾದ ಯಂತ್ರದಲ್ಲಿಯೂ ನಿರ್ಮಲವಾಗಿಯೇ ಇರುವುದು. ಕೆಡುವುದು ಎರಡನೆಯದು. ಅದೂ ದಾರಿಯಲ್ಲಿ.

ಕೆಡದೆ ಇರುವುದಾದರೂ ಹೇಗೆ? ಸ್ವಲ್ಪ ಲೆಕ್ಕ ಮಾಡಿ ನೋಡಿರಿ. ಈಗ ಎಲ್ಲರೂ ಬಯಸುವ ‘೧೦೮೦’ ಎಂಬ ಅಳತೆಯ ಚಿತ್ರದಲ್ಲಿ ಅಡ್ಡಲಾಗಿ ೧೯೨೦, ಉದ್ದಕ್ಕೆ ೧೦೮೦ ಚುಕ್ಕೆಗಳು, ಒಟ್ಟು ೨೦,೭೩,೬೦೦. ಒಂದೊಂದು ಚುಕ್ಕೆಯ ಬಣ್ಣವನ್ನು ಹೇಳುವುದಕ್ಕೆ ೨೪ ಬಿಟ್ಟುಗಳು ಬೇಕು. ಬಿಟ್ ಎಂದರೆ ಹೌದು ಅಥವಾ ಅಲ್ಲ ಎಂಬ ಒಂದು ಉತ್ತರದಷ್ಟು ಸಮಾಚಾರ. ಅಂಥ ಚಿತ್ರಗಳು ಸೆಕೆಂಡಿಗೆ ೬೦ ಬಂದರೆ ಮೊತ್ತವು ಸೆಕೆಂಡಿಗೆ ೨೯೮ ಕೋಟಿ ಬಿಟ್ಟುಗಳನ್ನು ದಾಟುವುದು. ನಮ್ಮ ಮಕ್ಕಳು ಪ್ರಸಾರಕ್ಕೆ ಕಳುಹಿಸುವುದೋ, ಪ್ರಾಯಶಃ ಸೆಕೆಂಡಿಗೆ ೬೦ ಲಕ್ಷ ಬಿಟ್ಟುಗಳು. ಐನೂರು ಪಾಲಿನಲ್ಲಿ ಒಂದು ಪಾಲು ಮಾತ್ರ ಮನೆ ಬಿಟ್ಟು ಹೊರಡುವುದು; ಉಳಿದ ನಾನೂರ ತೊಂಬತ್ತೊಂಬತ್ತು ಪಾಲುಗಳನ್ನು ಮನೆಯಲ್ಲಿಯೇ ಎಸೆದುಬಿಡುವುದು. ಆದರೂ ನೋಟಕನಿಗೆ ಕಾರು ಕಾರಾಗಿಯೂ ಮರ ಮರವಾಗಿಯೂ ಕಾಣುವುದೇ ಆಶ್ಚರ್ಯವು. ಚಿತ್ರವು ಮಸುಕಾಯಿತೆಂದು ಕೋಪಿಸಿಕೊಳ್ಳುವವರು ಈ ಆಶ್ಚರ್ಯವನ್ನು ಒಂದು ಗಳಿಗೆಯಾದರೂ ಪಡತಕ್ಕದ್ದು.

ಎಸೆಯುವ ಯುಕ್ತಿಗಳು ಮುಖ್ಯವಾಗಿ ಎರಡು. ನಾವು ಮೂವತ್ತು ವರ್ಷ ಶಾಲೆಯಲ್ಲಿ ಸಂಸ್ಕೃತವನ್ನು ಹೇಳಿಕೊಟ್ಟವರು; ಮೊದಲನೆಯ ಯುಕ್ತಿಯನ್ನು ತಿಳಿದಾಗ ಹಳೆಯ ನೆಂಟರನ್ನು ಕಂಡಂತಾಯಿತು. ಪಾಣಿನಿಯು ಒಂದು ಸೂತ್ರದಲ್ಲಿ ಹೇಳಿದ ಪದವನ್ನು ಮುಂದಿನ ಸೂತ್ರದಲ್ಲಿ ಮತ್ತೆ ಹೇಳುವುದಿಲ್ಲ; ಅದು ಅನುವೃತ್ತಿಯಿಂದ ತಾನಾಗಿ ಇಳಿದು ಬರುವುದು; ಹೊಸದೆಷ್ಟೋ ಅಷ್ಟನ್ನೇ ಹೇಳಿ ಮುಂದೆ ಸಾಗುವನು. ಸುಮಾರು ನಾಲ್ಕು ಸಾವಿರ ಸೂತ್ರಗಳಲ್ಲಿ ಒಂದು ಭಾಷೆಯೇ ಅಡಗಿದುದು ಈ ಜಿಪುಣತನದಿಂದ. ನೇರಪ್ರಸಾರದ ಯಂತ್ರವೂ ಹೀಗೆಯೇ ಮಾಡುವುದು. ಒಂದು ಚಿತ್ರವನ್ನು ಪೂರ್ತಿಯಾಗಿ ಕಳುಹಿಸಿ, ಮುಂದಿನ ಚಿತ್ರಗಳಲ್ಲಿ ‘ಆಕಾಶವು ಮೊದಲಿನಂತೆಯೇ, ರಸ್ತೆಯು ಇಷ್ಟು ಸರಿದಿದೆ, ಕಾರು ಇಷ್ಟು ತಿರುಗಿದೆ’ ಎಂದು ವ್ಯತ್ಯಾಸವನ್ನು ಮಾತ್ರ ತಿಳಿಸುವುದು. ಪೂರ್ತಿಯಾದ ಚಿತ್ರಕ್ಕೆ ಕೀ ಫ್ರೇಮ್ ಎಂದು ಹೆಸರು. ಗ್ರಂಥವನ್ನು ನಡುವೆ ತೆರೆದ ವಿದ್ಯಾರ್ಥಿಗೆ ಅನುವೃತ್ತಿಯ ಮೂಲವು ತಿಳಿಯದೆ ಸೂತ್ರವು ಅರ್ಥವಾಗದಂತೆ, ನಡುವೆ ಬಂದ ನೋಟಕನಿಗೂ ಮುಂದಿನ ಕೀ ಫ್ರೇಮ್ ಬರುವ ತನಕ ಚಿತ್ರವು ಕೂಡಿಕೊಳ್ಳದು. ಆದುದರಿಂದ ಎರಡು ಸೆಕೆಂಡಿಗೊಂದು ಕೀ ಫ್ರೇಮ್ ಇರಬೇಕೆಂದು ಪ್ರಸಾರಶಾಲೆಗಳು ಕೇಳುವುವು. ಮಕ್ಕಳ ಯಂತ್ರದಲ್ಲಿ ಈ ಅಂಕೆಯು ೨ ಎಂದು ಇರತಕ್ಕದ್ದು.

ಎರಡನೆಯ ಯುಕ್ತಿಯು ಇನ್ನೂ ಸೂಕ್ಷ್ಮವಾದದ್ದು. ಅದು ನಮ್ಮ ಬೆಂಗಳೂರಿನ ಮಗನೊಬ್ಬನಿಂದ ಲೋಕಕ್ಕೆ ದೊರೆತದ್ದೆಂಬುದು ಬಹು ಮಂದಿಗೆ ತಿಳಿಯದು. ಯಂತ್ರವು ಚಿತ್ರವನ್ನು ಸಣ್ಣ ಚೌಕಗಳಾಗಿ ಕತ್ತರಿಸುವುದು. ಚೌಕದ ಬೆಳಕು ನೆರಳುಗಳನ್ನು ಚುಕ್ಕೆ ಚುಕ್ಕೆಯಾಗಿ ಹೇಳುವುದಕ್ಕೆ ಬದಲಾಗಿ ಅಲೆಗಳ ಮೊತ್ತವಾಗಿ ಹೇಳುವುದು: ಅಗಲವಾದ ನಿಧಾನದ ಅಲೆಯು ಇಷ್ಟು, ಅದಕ್ಕಿಂತ ಕಿರಿದಾದದ್ದು ಇಷ್ಟು, ಸೀರೆಯ ನಿರಿಗೆಯಂಥ ಸಣ್ಣ ಅಲೆಯು ಇಷ್ಟು ಎಂದು. ಮನುಷ್ಯನ ಕಣ್ಣು ಅಗಲವಾದ ಅಲೆಗಳನ್ನು ಚೆನ್ನಾಗಿ ಗುರುತಿಸುವುದು. ಸಣ್ಣ ನಿರಿಗೆಗಳಲ್ಲಿ ತುಸು ಹೆಚ್ಚು ಕಡಿಮೆಯಾದರೆ ಅದಕ್ಕೆ ತಿಳಿಯದು. ಆದುದರಿಂದ ನಿರಿಗೆಗಳನ್ನು ಬಿಟ್ಟು ಅಲೆಗಳನ್ನು ಕಳುಹಿಸಿದರೆ ಸಾಕು. ನಮ್ಮ ಜ್ಯೋತಿಶ್ಶಾಸ್ತ್ರಜ್ಞರು ಕೋಟಿಜ್ಯಾ ಎಂದು ಕರೆದ ಕೊಸೈನಿನಿಂದ ಈ ಅಲೆಗಳನ್ನು ಎಣಿಸುವುದರಿಂದ ಇದಕ್ಕೆ ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್ ಎಂದು ಹೆಸರಾಯಿತು.

ಇದನ್ನು ಕಂಡುಹಿಡಿದ ನಾಸಿರ್ ಅಹಮದ್ ಅವರು ೧೯೪೦ರಲ್ಲಿ ಬೆಂಗಳೂರಿನಲ್ಲಿ ಜನಿಸಿದವರು. ಕೆ. ಆರ್. ವೃತ್ತದ ಬಳಿ, ೧೯೧೭ರಲ್ಲಿ ವಿಶ್ವೇಶ್ವರಯ್ಯನವರ ಪ್ರಯತ್ನದಿಂದ ಸ್ಥಾಪಿತವಾಗಿ ಈಗ ಅವರ ಹೆಸರನ್ನೇ ಧರಿಸಿರುವ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ ೧೯೬೧ರಲ್ಲಿ ಪದವಿ ಪಡೆದರು. ಅಲ್ಲಿಂದ ಅಮೆರಿಕಕ್ಕೆ ಹೋಗಿ ನ್ಯೂ ಮೆಕ್ಸಿಕೋ ವಿಶ್ವವಿದ್ಯಾನಿಲಯದಲ್ಲಿ ೧೯೬೬ರಲ್ಲಿ ಡಾಕ್ಟರೇಟ್ ಪಡೆದು, ಮುಂದೆ ಕಾನ್ಸಾಸ್ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾದರು. ೧೯೭೨ರಲ್ಲಿ ಈ ವಿಚಾರವನ್ನು ಬರೆದು ಆ ದೇಶದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದಿಂದ ಧನಸಹಾಯವನ್ನು ಬೇಡಿದರು. ಸಹಾಯವು ದೊರೆಯಲಿಲ್ಲ. ಪರಿಶೀಲಿಸಿದವರಲ್ಲಿ ಒಬ್ಬರಿಗೆ ಆ ವಿಚಾರವು ತೀರ ಸರಳವೆನಿಸಿತ್ತೆಂದು ಅವರೇ ೧೯೯೧ರಲ್ಲಿ ಬರೆದ ನೆನಪಿನಲ್ಲಿ ಹೇಳಿರುವರು. ಬೇರೆಯವರಾಗಿದ್ದರೆ ಕಾಗದವನ್ನು ಮಡಿಸಿಟ್ಟು ಸುಮ್ಮನಾಗುತ್ತಿದ್ದರೋ ಏನೋ. ಅವರು ಶಿಷ್ಯರಾದ ಟಿ. ನಟರಾಜನ್ ಮತ್ತು ಸ್ನೇಹಿತರಾದ ಕೆ. ಆರ್. ರಾವ್ ಅವರೊಡನೆ ಕೆಲಸವನ್ನು ಮುಂದುವರಿಸಿ ೧೯೭೪ರ ಜನವರಿಯಲ್ಲಿ ಅದನ್ನು ಪ್ರಕಟಿಸಿದರು. ಲೇಖನವು ನಾಲ್ಕೇ ಪುಟ. ಮದುವೆಯ ಫೋಟೋಗಳನ್ನು ನಾವು ಕಳುಹಿಸಿಕೊಳ್ಳುವ ೧೯೯೨ರ ಜೆಪೆಗ್ ಪದ್ಧತಿಯೂ, ನೇರಪ್ರಸಾರಕ್ಕೆ ಈಗಲೂ ಹೆಚ್ಚಾಗಿ ಬಳಸುವ ೨೦೦೩ರ ಎಚ್.೨೬೪ ಪದ್ಧತಿಯೂ ಆ ನಾಲ್ಕು ಪುಟಗಳ ಮೇಲೆಯೇ ನಿಂತಿರುವುವು. ತೀರ ಸರಳವೆಂಬ ಆಕ್ಷೇಪಣೆಗೆ ಇದಕ್ಕಿಂತ ದೊಡ್ಡ ಉತ್ತರವು ಬೇಕಿಲ್ಲ.

ಇಷ್ಟು ತಿಳಿದ ಮೇಲೆ ಚಿತ್ರವು ಏಕೆ ಕಲಸಿಹೋಗುವುದೆಂಬುದು ಕೈಯ ನೆಲ್ಲಿಕಾಯಿಯಂತೆ ಸ್ಪಷ್ಟವಾಗುವುದು. ಚದುರಂಗದ ಆಟದಲ್ಲಿ ಮಣೆಯು ನಿಂತಲ್ಲೇ ನಿಂತಿರುವುದು. ಒಂದು ಕಾಯಿ ಮಾತ್ರ ಸರಿಯುವುದು. ಅನುವೃತ್ತಿಗೆ ಇದಕ್ಕಿಂತ ಅನುಕೂಲವಾದ ಸಂದರ್ಭವಿಲ್ಲ; ಹತ್ತಿಪ್ಪತ್ತು ಲಕ್ಷ ಬಿಟ್ಟುಗಳಲ್ಲಿ ಗಾಜಿನಂತಹ ಚಿತ್ರವು ಹೋಗುವುದು. ಹುಲ್ಲುಗಾವಲಿನ ನಡುವೆ ಕಾರು ಧಾವಿಸುವ ಆಟದಲ್ಲಾದರೋ, ಪ್ರತಿ ಎಸಳೂ ಪ್ರತಿ ಕ್ಷಣವೂ ಹೊಸದು. ಮೊದಲಿನಂತೆಯೇ ಎನ್ನುವುದಕ್ಕೆ ಏನೂ ಇಲ್ಲ. ಎಲ್ಲವೂ ನಿರಿಗೆ, ಎಲ್ಲವೂ ವ್ಯತ್ಯಾಸ. ಯಂತ್ರಕ್ಕೆ ಕೊಟ್ಟ ಬಿಟ್ಟುಗಳು ಸಾಲದೆ ಅದು ಕಣ್ಣಿಗೆ ಬೇಕಾದ ಅಲೆಗಳನ್ನೂ ಎಸೆಯತೊಡಗುವುದು. ಚೌಕಗಳ ಹೊಲಿಗೆಗಳು ಹೊರಗೆ ಕಾಣುವುವು. ಮಳೆ, ಹೊಗೆ, ಧೂಳು, ಬೀಳುವ ಎಲೆ, ಇವೆಲ್ಲವೂ ಇದೇ ವರ್ಗಕ್ಕೆ ಸೇರಿದುವು. ಆಟದ ಒಳಗಿನ ಆಯ್ಕೆಗಳಲ್ಲಿ ಚಿತ್ರವನ್ನು ಒರಟು ಕಾಗದದಂತೆ ಕಾಣಿಸುವ ‘ಫಿಲ್ಮ್ ಗ್ರೇನ್’, ಚಲನೆಯನ್ನು ಸವರುವ ‘ಮೋಷನ್ ಬ್ಲರ್’ ಎಂಬುವುಗಳಿರುತ್ತವೆ. ಇವುಗಳಲ್ಲಿ ಮೊದಲನೆಯದನ್ನು ಅವಶ್ಯವಾಗಿ ನಿಲ್ಲಿಸಬೇಕು. ಯಾರಿಗೂ ಬೇಡದ ನಿರಿಗೆಗಳಿಗಾಗಿ ಬಿಟ್ಟುಗಳನ್ನು ಸುರಿಯುವುದು ಅದು.

ನಮ್ಮ ಮನೆಯಲ್ಲಿಯೇ ನಡೆದ ಸಂಗತಿಯು ಇಲ್ಲಿ ದೃಷ್ಟಾಂತಕ್ಕೆ ಒದಗುವುದು. ತಮ್ಮನ ಮಗಳು ಇಂಜಿನಿಯರಿಂಗ್ ಎರಡನೆಯ ವರ್ಷದಲ್ಲಿ ಓದುತ್ತಿರುವಳು. ಮೆಕ್ಸಿಕೋ ದೇಶದ ಕಾಡುಮೇಡುಗಳಲ್ಲಿ ಕಾರು ಓಡಿಸುವ ‘ಫೋರ್ಜಾ ಹೊರೈಜನ್ ೫’ ಎಂಬ, ೨೦೨೧ರಲ್ಲಿ ಹೊರಬಂದ ಆಟವನ್ನು ಶನಿವಾರ ಭಾನುವಾರಗಳ ರಾತ್ರಿ ಪ್ರಸಾರ ಮಾಡುವಳು. ಕಾರಿನ ಎಂಜಿನು, ಗೇರು, ತಿರುವುಗಳ ವಿಚಾರವನ್ನೆಲ್ಲ ಕನ್ನಡದಲ್ಲಿಯೇ ವಿವರಿಸುವಳು. ನೋಟಕರು ಮೂವತ್ತು ನಲವತ್ತು ಮಂದಿ. ತುಮಕೂರು, ಹಾಸನದ ಕಡೆಯ ಹುಡುಗರೇ ಹೆಚ್ಚು. ಒಂದು ರಾತ್ರಿ ಅವರಲ್ಲೊಬ್ಬನು ‘ಅಕ್ಕಾ, ಕಾರ್ ಎಲ್ಲಿದೆ? ಬರೀ ಪಾಚಿ ಕಾಣ್ತಿದೆ’ ಎಂದು ಬರೆದನಂತೆ. ಮರುವಾರ ನೋಟಕರು ಹನ್ನೊಂದು ಮಂದಿ. ತಮ್ಮನು ಅರುವತ್ತು ಸಾವಿರ ರೂಪಾಯಿಯ ಕಾರ್ಡನ್ನು ಕಂತಿನ ಮೇಲೆ ತರಲು ಒಪ್ಪಿದ್ದನು. ಅವನ ಹೆಂಡತಿಯು ಕಾಲೇಜಿನ ಫೀಜು ಇನ್ನೂ ಬಾಕಿಯಿರುವುದನ್ನು ನೆನಪು ಮಾಡಿದಳು. ಮೂರು ದಿನ ಮನೆಯಲ್ಲಿ ಮಾತು ಕಡಿಮೆಯಾಗಿತ್ತು. ಹುಡುಗಿಯು ನಮ್ಮ ಬಳಿಗೆ ಬಂದು, ‘ದೊಡ್ಡಪ್ಪಾ, ನಿಲ್ಲಿಸಿಬಿಡ್ತೀನಿ. ಕನ್ನಡದಲ್ಲಿ ಹೇಳ್ತಾಳೆ ಅಂತ ಬಂದವರೂ ಹೋಗ್ತಿದ್ದಾರೆ’ ಎಂದಳು. ನಿಲ್ಲಿಸುವುದಕ್ಕೆ ಮುಂಚೆ ಕಾರಣವನ್ನು ನೋಡೋಣವೆಂದು ಅವಳ ಪಕ್ಕದಲ್ಲಿ ಕುಳಿತೆವು.

ಪ್ರಸಾರಕ್ಕೆ ಅವಳು ಉಪಯೋಗಿಸುವುದು ಓಬಿಎಸ್ ಎಂಬ ತಂತ್ರಾಂಶ. ೨೦೧೨ರಲ್ಲಿ ಹ್ಯೂ ಬೇಯ್ಲಿ ಎಂಬುವರು ಆರಂಭಿಸಿದ ಇದು ಯಾರಿಗೂ ಉಚಿತವಾಗಿ ದೊರೆಯುವುದು. ಇದರಲ್ಲಿ ‘ಸ್ಟ್ಯಾಟ್ಸ್’ ಎಂಬ ಸಣ್ಣ ಕಿಟಕಿಯುಂಟು. ಅದನ್ನು ತೆರೆದು ನೋಡುವವರು ವಿರಳ. ವೈದ್ಯನು ನಾಡಿಯನ್ನು ಹಿಡಿದಂತೆ ಅದು ಮೂರು ದೋಷಗಳನ್ನು ಬೇರೆ ಬೇರೆಯಾಗಿ ತಿಳಿಸುವುದು. ‘ರೆಂಡರಿಂಗ್’ನಿಂದ ತಪ್ಪಿದ ಚಿತ್ರಗಳು ಇಷ್ಟು ಎಂದಿದ್ದರೆ ಗ್ರಾಫಿಕ್ಸ್ ಕಾರ್ಡಿಗೆ ಆಟದ ಭಾರವೇ ಹೆಚ್ಚಾಗಿ ಉಸಿರಾಡಲು ಬಿಡುವಿಲ್ಲವೆಂದು ಅರ್ಥ. ‘ಎನ್‌ಕೋಡಿಂಗ್’ನಿಂದ ಬಿಟ್ಟುಹೋದುವು ಇಷ್ಟು ಎಂದಿದ್ದರೆ ಚಿತ್ರವನ್ನು ಸಂಕ್ಷೇಪಿಸುವ ಭಾಗವು ಸೋತಿದೆ. ‘ನೆಟ್‌ವರ್ಕ್’ನಲ್ಲಿ ಬಿದ್ದುಹೋದುವು ಇಷ್ಟು ಎಂದಿದ್ದರೆ ಯಂತ್ರದ್ದು ಏನೂ ತಪ್ಪಿಲ್ಲ, ದಾರಿಯೇ ಸರಿಯಿಲ್ಲ. ನಮ್ಮ ಹುಡುಗಿಯ ಕಿಟಕಿಯಲ್ಲಿ ಮೊದಲೆರಡು ಅಂಕೆಗಳು ಸೊನ್ನೆಗೆ ಸಮೀಪವಾಗಿದ್ದುವು. ಮೂರನೆಯದು ನೂರಕ್ಕೆ ಹದಿನೇಳು. ಅರುವತ್ತು ಸಾವಿರದ ಕಾರ್ಡನ್ನು ತಂದಿದ್ದರೂ ಆ ಹದಿನೇಳು ಹದಿನೇಳಾಗಿಯೇ ಉಳಿಯುತ್ತಿತ್ತು.

ಇನ್ನು ದಾರಿಯ ವಿಚಾರ. ಮನೆಗೆ ಬರುವ ಇಂಟರ್‌ನೆಟ್ಟಿನಲ್ಲಿ ಎರಡು ಕೊಳವೆಗಳಿವೆಯೆಂದು ಭಾವಿಸಿರಿ. ಒಂದು ಹೊರಗಿನಿಂದ ಸಂಪಿಗೆ ತುಂಬುವ ಕಾವೇರಿಯ ಕೊಳವೆಯಂತೆ ಒಳಗೆ ಬರುವುದು; ಇನ್ನೊಂದು ಒಳಗಿನಿಂದ ಹೊರಗೆ ಹೋಗುವುದು. ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆದ ನೂರು, ಇನ್ನೂರು ಎಂಬ ಅಂಕೆಗಳು ಸಾಮಾನ್ಯವಾಗಿ ಒಳಗೆ ಬರುವ ಕೊಳವೆಯವು. ಸಿನೆಮಾ ನೋಡುವವರಿಗೆ ಅದು ಮುಖ್ಯ. ನೇರಪ್ರಸಾರ ಮಾಡುವವರಿಗೆ ಬೇಕಾದದ್ದು ಹೊರಗೆ ಹೋಗುವ ಕೊಳವೆ, ಎಂದರೆ ಅಪ್‌ಲೋಡ್. ಕೆಲವು ಯೋಜನೆಗಳಲ್ಲಿ ಎರಡೂ ಸಮವಾಗಿರುವುವು, ಕೆಲವುಗಳಲ್ಲಿ ಹೊರಗಿನದು ಬಹು ಸಣ್ಣದು. ಸಂಪರ್ಕ ಹಾಕಿಸುವಾಗ ‘ಅಪ್‌ಲೋಡ್ ಎಷ್ಟು?’ ಎಂದು ಕೇಳುವ ಗೃಹಸ್ಥರು ನೂರಕ್ಕೆ ಐದು ಮಂದಿಯೂ ಇರಲಾರರೆಂದು ನಮ್ಮ ಊಹೆ.

ವೇಗವನ್ನು ಅಳೆಯುವ ಸಾಧನಗಳು ಫೋನಿನಲ್ಲಿಯೇ ಉಚಿತವಾಗಿ ಸಿಕ್ಕುವುವು. ಅಳೆಯುವುದನ್ನು ಬೆಳಗಿನ ಹತ್ತು ಗಂಟೆಗೆ ಮಾಡಿ ಸಂತೋಷಪಡುವುದು ವ್ಯರ್ಥ. ಮಕ್ಕಳು ಪ್ರಸಾರ ಮಾಡುವ ಹೊತ್ತಿನಲ್ಲಿ, ಅಕ್ಕಪಕ್ಕದ ಮನೆಗಳವರೆಲ್ಲರೂ ಪರದೆಯ ಮುಂದೆ ಕುಳಿತಿರುವ ರಾತ್ರಿ ಎಂಟರಿಂದ ಹನ್ನೊಂದರ ನಡುವೆ, ನಾಲ್ಕಾರು ಸಲ ಅಳೆದು, ಬಂದ ಅಂಕೆಗಳಲ್ಲಿ ಅತಿ ಕಡಿಮೆಯಾದುದನ್ನು ಹಿಡಿಯತಕ್ಕದ್ದು. ಅದರಲ್ಲಿಯೂ ಅರ್ಧದಿಂದ ಮೂರರಲ್ಲಿ ಎರಡು ಪಾಲಿನವರೆಗೆ ಮಾತ್ರ ಪ್ರಸಾರಕ್ಕೆ ಕೊಡಬೇಕು. ಅಂಚಿನವರೆಗೆ ತುಂಬಿದ ಕೊಡವು ನಡೆಯುವಾಗ ತುಳುಕದೆ ಇರದು.

ನಮ್ಮ ಮನೆಯಲ್ಲಿ ರೌಟರಿನ ಪಕ್ಕದಲ್ಲಿ ನಿಂತು ಅಳೆದಾಗ ಸೆಕೆಂಡಿಗೆ ೯ ಮೆಗಾಬಿಟ್ (ಎಂದರೆ ೯೦ ಲಕ್ಷ ಬಿಟ್ಟು) ಬಂದಿತು. ಎರಡನೆಯ ಮಹಡಿಯ ಅವಳ ಕೋಣೆಯಲ್ಲಿ ವೈಫೈ ಮೂಲಕ ಅಳೆದರೆ ಒಂದು ಸಲ ಆರು, ಮತ್ತೊಂದು ಸಲ ಮೂರು. ಅವಳು ಕಳುಹಿಸಲೆತ್ನಿಸುತ್ತಿದ್ದದ್ದು ಎಂಟು! ಕೆಳಗಿನ ಹಾಲಿನಲ್ಲಿ ಟೀವಿಯ ಪಕ್ಕದಲ್ಲಿ ರೌಟರು. ನಡುವೆ ಎರಡು ಕಾಂಕ್ರೀಟು ಚಾವಣಿಗಳು. ಮೇಲಾಗಿ ನಮ್ಮ ಬಡಾವಣೆಯಲ್ಲಿ ಮೂವತ್ತು ನಲವತ್ತರ ನಿವೇಶನಗಳಲ್ಲಿ ಮನೆಗಳು ಗೋಡೆಗೆ ಗೋಡೆ ತಾಗುವಂತೆ ನಿಂತಿವೆ. ಫೋನನ್ನು ತೆರೆದರೆ ಹದಿನೈದು ಮನೆಗಳ ವೈಫೈ ಹೆಸರುಗಳು ಸಾಲಾಗಿ ಕಾಣುವುವು. ಅವೆಲ್ಲವೂ ಒಂದೇ ಆಕಾಶದಲ್ಲಿ ಮಾತನಾಡಬೇಕು. ಹಳೆಯ ೨.೪ ಗಿಗಾಹರ್ಟ್ಸ್ ಪಟ್ಟಿಯಲ್ಲಂತೂ ಸಂತೆಯ ಗದ್ದಲವೇ ಸರಿ. ೫ ಗಿಗಾಹರ್ಟ್ಸ್ ಪಟ್ಟಿಯಲ್ಲಿ ಗದ್ದಲವು ಕಡಿಮೆ, ಆದರೆ ಅದು ಚಾವಣಿಗಳನ್ನು ದಾಟಲು ಅಳುಕುವುದು. ಎಸ್. ಪಿ. ರಸ್ತೆಯಿಂದ ಇಪ್ಪತ್ತು ಮೀಟರು ಉದ್ದದ ಈಥರ್‌ನೆಟ್ ತಂತಿಯನ್ನು ಕೆಲವೇ ನೂರು ರೂಪಾಯಿಗಳಿಗೆ ತರಿಸಿ, ಮೆಟ್ಟಿಲ ಗೋಡೆಯ ಪಕ್ಕದಲ್ಲಿ ಮೊಳೆ ಹೊಡೆದು ಮೇಲಕ್ಕೆ ಎಳೆದೆವು. ಅದೇ ರಾತ್ರಿ ಕೋಣೆಯಲ್ಲಿಯೂ ಒಂಬತ್ತು ಬಂದಿತು. ಅದು ಅಲುಗಲೂ ಇಲ್ಲ. ನೇರಪ್ರಸಾರಕ್ಕೆ ಮಾಡುವ ಖರ್ಚುಗಳಲ್ಲಿ ಇದರಷ್ಟು ಫಲ ಕೊಡುವುದು ಇನ್ನೊಂದಿಲ್ಲವೆಂದು ನಾವು ಧೈರ್ಯವಾಗಿ ಹೇಳುವೆವು.

ಆದರೂ ಮುಂದಿನ ಭಾನುವಾರ ಒಂಬತ್ತೂವರೆಗೆ ಚಿತ್ರವು ಮತ್ತೆ ತಡವರಿಸಿತು. ಹುಡುಕಿ ನೋಡಿದರೆ, ಆ ದಿನ ಮದುವೆಗೆ ಹೋಗಿ ಬಂದಿದ್ದ ಅವಳ ತಾಯಿಯ ಫೋನು ಇನ್ನೂರು ಫೋಟೋಗಳನ್ನೂ ವಿಡಿಯೋಗಳನ್ನೂ ತನ್ನಷ್ಟಕ್ಕೆ ತಾನೇ ದೂರದ ಉಗ್ರಾಣಕ್ಕೆ ಕಳುಹಿಸುತ್ತಿತ್ತು. ಹೊರಗೆ ಹೋಗುವ ಕೊಳವೆಯು ಮನೆಗೆಲ್ಲ ಒಂದೇ. ಗೇಟಿನ ಮೇಲೆ ಇಟ್ಟಿರುವ ಸಿಸಿಟಿವಿ ಕ್ಯಾಮೆರಾ ತನ್ನ ಚಿತ್ರವನ್ನು ಇಂಟರ್‌ನೆಟ್ಟಿಗೆ ಕಳುಹಿಸುವ ಜಾತಿಯದಾದರೆ ಅದೂ ಹಗಲಿರುಳು ಈ ಕೊಳವೆಯಿಂದಲೇ ಕುಡಿಯುವುದು. ಫೋನುಗಳ ಈ ಕೆಲಸವನ್ನು ನಡುರಾತ್ರಿಯ ಮೇಲಕ್ಕೆ ತಳ್ಳುವುದು ಸುಲಭ. ಮನೆಮಂದಿಯೊಡನೆ ಮಾತನಾಡಿ ಒಪ್ಪಿಸುವುದು ಮಾತ್ರ ಅಷ್ಟು ಸುಲಭವಲ್ಲ.

ಕೊಳವೆಯ ಅಳತೆಯು ತಿಳಿದ ಮೇಲೆ ಚಿತ್ರದ ಅಳತೆಯನ್ನು ನಿಶ್ಚಯಿಸಬೇಕು. ಇಲ್ಲಿ ತರುಣರಿಗೆ ಒಂದು ಅಭಿಮಾನವಿರುವುದು. ೧೦೮೦ಕ್ಕಿಂತ ಕಡಿಮೆಯಾದರೆ ಅವಮಾನವೆಂದು ತಿಳಿಯುವರು. ‘೭೨೦’ ಎಂಬ ಚಿತ್ರದಲ್ಲಿ ಚುಕ್ಕೆಗಳು ೧೨೮೦ರಿಂದ ೭೨೦, ಎಂದರೆ ೯,೨೧,೬೦೦. ೧೦೮೦ರ ಅರ್ಧಕ್ಕಿಂತಲೂ ಕಡಿಮೆ. ಒಂದೇ ಮೊತ್ತದ ಬಿಟ್ಟುಗಳನ್ನು ಹಂಚಿದರೆ ಪ್ರತಿ ಚುಕ್ಕೆಗೆ ಎರಡರಷ್ಟಕ್ಕೂ ಮಿಗಿಲಾದ ಪಾಲು ಬರುವುದು. ಹತ್ತು ಮಂದಿಗೆ ಮಾಡಿದ ಅಡಿಗೆಯನ್ನು ಇಪ್ಪತ್ತೆರಡು ಎಲೆಗೆ ಬಡಿಸಿ ಎಲ್ಲರನ್ನೂ ಅರೆಹೊಟ್ಟೆಯಲ್ಲಿ ಏಳಿಸುವುದಕ್ಕಿಂತ ಹತ್ತೇ ಎಲೆ ಹಾಕುವುದು ಯುಕ್ತವು. ನೋಟಕರಲ್ಲಿ ಹೆಚ್ಚು ಮಂದಿ ಅಂಗೈಯಗಲದ ಫೋನಿನಲ್ಲಿ ನೋಡುವವರು. ಅದರಲ್ಲಿ ಈ ಎರಡು ಅಳತೆಗಳ ಭೇದವು ಕಷ್ಟದಿಂದ ತಿಳಿಯುವುದು, ಪಾಚಿಯಾದರೋ ಒಡನೆ ತಿಳಿಯುವುದು.

ಸೆಕೆಂಡಿಗೆ ೬೦ ಚಿತ್ರಗಳೋ ೩೦ ಸಾಕೋ ಎಂಬುದು ಆಟದ ಮೇಲೆ ನಿಂತಿದೆ. ಉರಿಯುವ ಕೊಳ್ಳಿಯನ್ನು ಬೇಗನೆ ತಿರುಗಿಸಿದರೆ ಬೆಂಕಿಯ ಚಕ್ರವೇ ಕಾಣುವುದು. ಶಾಸ್ತ್ರಗಳಲ್ಲಿ ಅಲಾತಚಕ್ರವೆನ್ನುವುದು ಇದನ್ನೇ. ಬಿಡಿ ಬಿಡಿ ಚಿತ್ರಗಳು ಚಲನೆಯಾಗಿ ಕೂಡಿಕೊಳ್ಳುವುದೂ ಕಣ್ಣಿನ ಅಂಥದೇ ಭ್ರಮೆ. ಕಾರು, ಗುಂಡಿನ ಕಾಳಗ, ಕಾಲ್ಚೆಂಡು ಮೊದಲಾದ ವೇಗದ ಆಟಗಳಿಗೆ ೬೦ ಬೇಕು. ಚದುರಂಗ, ಊರು ಕಟ್ಟುವ ಆಟ, ಕಥೆಯ ಆಟಗಳಿಗೆ ೩೦ ಸಾಕು. ಸ್ಥೂಲವಾಗಿ ೧೦೮೦, ೬೦ಕ್ಕೆ ಸೆಕೆಂಡಿಗೆ ಆರರಿಂದ ಒಂಬತ್ತು ಮೆಗಾಬಿಟ್. ೭೨೦, ೬೦ಕ್ಕೆ ನಾಲ್ಕರಿಂದ ಆರು. ೭೨೦, ೩೦ಕ್ಕೆ ಎರಡೂವರೆಯಿಂದ ನಾಲ್ಕು ಎಂದಿಟ್ಟುಕೊಂಡರೆ ನಡೆಯುವುದು. ಬಿಟ್ಟುಗಳ ಹರಿವು ಏರಿಳಿಯದೆ ಸಮನಾಗಿರಲೆಂದು ‘ಸಿಬಿಆರ್’ ಎಂಬುದನ್ನು ಆರಿಸಬೇಕು. ನಮ್ಮ ಹುಡುಗಿಯು ೭೨೦, ೬೦ ಎಂದಿಟ್ಟು ಐದು ಮೆಗಾಬಿಟ್ ಕಳುಹಿಸಿದಳು. ನೆಟ್‌ವರ್ಕಿನ ಅಂಕೆಯು ಹದಿನೇಳರಿಂದ ಸೊನ್ನೆಗೆ ಇಳಿಯಿತು. ಪಾಚಿಯೆಂದಿದ್ದ ಹಾಸನದ ಹುಡುಗನು ‘ಅಕ್ಕಾ, ಈಗ ನಂಬರ್ ಪ್ಲೇಟೂ ಓದಬಹುದು’ ಎಂದು ಬರೆದನು. ತಮ್ಮನು ಕಂತಿನ ಕಾಗದವನ್ನು ಹರಿದುಹಾಕಿದನು, ಫೀಜು ಕಟ್ಟಿದ್ದಾಯಿತು.

ಎಲ್ಲರ ಮನೆಯಲ್ಲಿಯೂ ದೋಷವು ದಾರಿಯಲ್ಲಿಯೇ ಇರುವುದೆಂದಲ್ಲ. ಎನ್‌ಕೋಡಿಂಗಿನ ಅಂಕೆಯು ಏರಿದ್ದರೂ ಒಡನೆ ಅಂಗಡಿಗೆ ಓಡಬೇಕಾಗಿಲ್ಲ. ಸಂಕ್ಷೇಪಿಸುವ ಕೆಲಸವನ್ನು ಕಂಪ್ಯೂಟರಿನ ಮುಖ್ಯ ಪ್ರೊಸೆಸರು ಮಾಡಬಹುದು. ಅದಕ್ಕಾಗಿಯೇ ಇಟ್ಟಿರುವ ಪ್ರತ್ಯೇಕ ಭಾಗವೂ ಮಾಡಬಹುದು. ಇಂಟೆಲ್ ಕಂಪನಿಯು ೨೦೧೧ರಿಂದ ಕ್ವಿಕ್ ಸಿಂಕ್ ಎಂಬ ಹೆಸರಿನಲ್ಲಿಯೂ ಎನ್‌ವಿಡಿಯಾ ಕಂಪನಿಯು ೨೦೧೨ರಿಂದ ಎನ್‌ವೆಂಕ್ ಎಂಬ ಹೆಸರಿನಲ್ಲಿಯೂ ಅಂಥ ಭಾಗವನ್ನು ತಮ್ಮ ಅನೇಕ ಚಿಪ್ಪುಗಳಲ್ಲಿ ಇಡುತ್ತ ಬಂದಿವೆ. ಆಟವಾಡುವ ಯಂತ್ರವು ಮನೆಯಲ್ಲಿದ್ದರೆ ಇವುಗಳಲ್ಲೊಂದು ಅದರಲ್ಲಿ ಪ್ರಾಯಶಃ ಇದ್ದೇ ಇರುವುದು. ಓಬಿಎಸ್ಸಿನಲ್ಲಿ ‘ಎಕ್ಸ್೨೬೪’ ಎಂಬುದನ್ನು ಬಿಟ್ಟು ಅದನ್ನು ಆರಿಸಿಕೊಂಡರೆ ಪ್ರೊಸೆಸರಿನ ಹೊರೆಯು ಇಳಿಯುವುದು. ರೆಂಡರಿಂಗಿನ ಅಂಕೆಯು ಏರಿದ್ದರೆ ಆಟದ ಆಯ್ಕೆಗಳಲ್ಲಿ ಚಿತ್ರಗಳ ಸಂಖ್ಯೆಗೆ ಸೆಕೆಂಡಿಗೆ ೬೦ ಎಂಬ ಮಿತಿಯನ್ನು ಹಾಕಬೇಕು. ಮಿತಿಯಿಲ್ಲದಿದ್ದರೆ ಆಟವು ನೂರು, ನೂರೈವತ್ತು ಚಿತ್ರಗಳನ್ನು ಬರೆಯುತ್ತ ಕಾರ್ಡನ್ನೆಲ್ಲ ತಾನೇ ನುಂಗಿಬಿಡುವುದು; ಪ್ರಸಾರಕ್ಕೆ ಬೇಕಾದುದು ಅರುವತ್ತೇ.

ಫೋನಿನಲ್ಲಿಯೇ ಆಡಿ ಫೋನಿನಿಂದಲೇ ಪ್ರಸಾರ ಮಾಡುವ ಮಕ್ಕಳೂ ಬಹಳ. ಪಬ್‌ಜಿ ಮೊಬೈಲ್ ಆಟವು ೨೦೨೦ರ ಸೆಪ್ಟೆಂಬರಿನಲ್ಲಿ ನಮ್ಮ ದೇಶದಲ್ಲಿ ನಿಷಿದ್ಧವಾಗಿ, ೨೦೨೧ರಲ್ಲಿ ಬಿಜಿಎಂಐ ಎಂಬ ಹೆಸರಿನಿಂದ ಮರಳಿ, ೨೦೨೨ರ ಜುಲೈನಲ್ಲಿ ಮತ್ತೆ ಮಾಯವಾಗಿ, ೨೦೨೩ರಲ್ಲಿ ಪುನಃ ಬಂದ ಕಥೆಯನ್ನು ತಂದೆತಾಯಿಗಳು ಬಲ್ಲರು. ಇಲ್ಲಿ ಆಡುವುದೂ ಸಂಕ್ಷೇಪಿಸುವುದೂ ಕಳುಹಿಸುವುದೂ ಒಂದೇ ಅಂಗೈಯಲ್ಲಿ. ಶತ್ರುವು ಶಾಖ. ಫೋನು ಕಾದರೆ ತನ್ನನ್ನು ಉಳಿಸಿಕೊಳ್ಳಲು ತಾನೇ ನಿಧಾನವಾಗುವುದು; ಚಿತ್ರವು ತಡವರಿಸುವುದು. ಚೀಲದಂಥ ಕವಚವನ್ನು ತೆಗೆದು, ಫ್ಯಾನಿನ ಕೆಳಗೆ ಕುಳಿತು, ಚಾರ್ಜು ಮಾಡುತ್ತ ಆಡುವುದನ್ನು ಬಿಟ್ಟರೆ ಎಷ್ಟೋ ಗುಣವುಂಟು.

ಆಡುವವರ ಮುಖವನ್ನೂ ಮೂಲೆಯಲ್ಲಿ ತೋರಿಸುವುದಾದರೆ ಕ್ಯಾಮೆರಾಕ್ಕಿಂತ ಬೆಳಕು ಮುಖ್ಯ. ಕತ್ತಲೆಯಲ್ಲಿ ಕ್ಯಾಮೆರಾ ಹೆಣಗಾಡಿ ಮರಳು ಸುರಿದಂಥ ಚಿತ್ರವನ್ನು ಕೊಡುವುದು. ಆ ಒಂದೊಂದು ಮರಳಿನ ಕಣವೂ ಪ್ರತಿ ಕ್ಷಣವೂ ಬದಲಾಗುತ್ತ, ಹುಲ್ಲಿನ ಎಸಳಿನಂತೆಯೇ ಬಿಟ್ಟುಗಳನ್ನು ತಿನ್ನುವುದು. ಟ್ಯೂಬ್‌ಲೈಟು ಬೆನ್ನ ಹಿಂದೆ ಇರದೆ ಮುಖಕ್ಕೆ ಎದುರಾಗಿ ಬರುವಂತೆ ಮೇಜನ್ನು ತಿರುಗಿಸಿದರೆ ಸಾಕು. ಖರ್ಚು ಏನೂ ಇಲ್ಲ.

ಈ ಬದಲಾವಣೆಗಳನ್ನು ಮಾಡಿದ ಮೇಲೆ ಒಮ್ಮೆಗೇ ಜನರ ಮುಂದೆ ಹೋಗದೆ, ಯೂಟ್ಯೂಬಿನಲ್ಲಿ ಹೊರಗಿನವರಿಗೆ ಕಾಣದಂತೆ ಹತ್ತು ನಿಮಿಷದ ಖಾಸಗಿ ಪ್ರಸಾರವನ್ನು ಮಾಡಿ, ಮನೆಯವರೊಬ್ಬರು ವೈಫೈ ಬಿಟ್ಟು ಮೊಬೈಲಿನ ಸಿಮ್ಮಿನಿಂದ ಅದನ್ನು ನೋಡುವುದು ಒಳ್ಳೆಯದು. ಅನ್ನದ ಒಂದು ಅಗುಳನ್ನು ಹಿಸುಕಿ ನೋಡುವ ಸ್ಥಾಲೀಪುಲಾಕ ನ್ಯಾಯವು ಇಲ್ಲಿ ಪೂರ್ತಿ ಸಲ್ಲದು. ಚಿತ್ರವು ಶಾಂತವಾಗಿರುವ ಭಾಗವನ್ನು ಬಿಟ್ಟು ಮಳೆ, ಹುಲ್ಲು, ಧೂಳುಗಳಿರುವ ಭಾಗವನ್ನೇ ಆಡಿ ಪರೀಕ್ಷಿಸಬೇಕು. ಯೂಟ್ಯೂಬಿನಲ್ಲಿ ೨೦೨೫ರ ಜುಲೈನಿಂದ ಹದಿನಾರು ತುಂಬದ ಮಕ್ಕಳು ಒಬ್ಬರೇ ನೇರಪ್ರಸಾರ ಮಾಡುವಂತಿಲ್ಲ, ಹಿರಿಯರೊಬ್ಬರು ಪರದೆಯಲ್ಲಿ ಜೊತೆಗಿರಬೇಕು ಎಂಬ ನಿಯಮವು ಬಂದಿರುವುದನ್ನೂ ಗೃಹಸ್ಥರು ಲಕ್ಷ್ಯದಲ್ಲಿಡತಕ್ಕದ್ದು. ಕರೆಂಟು ಹೋದಾಗ ಇನ್ವರ್ಟರು ದೀಪವನ್ನು ಉಳಿಸಿದರೂ ಆ ಕ್ಷಣದ ಅಲುಗಾಟದಲ್ಲಿ ರೌಟರು ಕಣ್ಣು ಮುಚ್ಚಿ ತೆರೆಯುವುದುಂಟು. ಅದಕ್ಕೆಂದೇ ಮಾರುವ ಸಣ್ಣ ಯುಪಿಎಸ್ ಒಂದನ್ನು ಪಕ್ಕದಲ್ಲಿಟ್ಟರೆ ಪ್ರಸಾರವು ಕಡಿಯದು.

ಇನ್ನು, ಯಂತ್ರವು ನಿಜವಾಗಿಯೂ ಹಳೆಯದಾಗಿ, ಓದಿಗೂ ಕೆಲಸಕ್ಕೂ ಹೊಸದು ಬೇಕಾದ ಕಾಲವು ಯಾವ ಮನೆಯಲ್ಲಿಯಾದರೂ ಬಂದೇ ಬರುವುದು. ೨೦೧೮ರಲ್ಲಿ ಸಿದ್ಧವಾದ ಎವಿ೧ ಎಂಬ ಸಂಕ್ಷೇಪಣ ಪದ್ಧತಿಯು ಎಚ್.೨೬೪ಕ್ಕಿಂತ ಕಡಿಮೆ ಬಿಟ್ಟುಗಳಲ್ಲಿ ಅದೇ ಚೆಲುವಿನ ಚಿತ್ರವನ್ನು ಕೊಡುವುದು. ನಾಸಿರ್ ಅಹಮದ್ ಅವರ ಅಲೆಗಳು ಅದರಲ್ಲಿಯೂ ಇವೆ. ಇದನ್ನು ತಾನೇ ಮಾಡಬಲ್ಲ ಭಾಗವುಳ್ಳ ಗ್ರಾಫಿಕ್ಸ್ ಕಾರ್ಡುಗಳು ೨೦೨೨ರಿಂದ ಮಾರುಕಟ್ಟೆಗೆ ಬಂದಿವೆ; ಯೂಟ್ಯೂಬು ಈ ಪದ್ಧತಿಯ ನೇರಪ್ರಸಾರವನ್ನು ಸ್ವೀಕರಿಸುವುದು. ಹೊರಗೆ ಹೋಗುವ ಕೊಳವೆಯು ಸಣ್ಣದಾಗಿರುವ ಮನೆಗಳಿಗೆ ಇದರಿಂದ ಹೆಚ್ಚು ಪ್ರಯೋಜನ. ಆದುದರಿಂದ ಕೊಳ್ಳುವ ದಿನವು ಬಂದಾಗ ಬೇರೆ ಹೊಗಳಿಕೆಗಳನ್ನೆಲ್ಲ ಆಮೇಲೆ ಕೇಳೋಣವೆಂದು, ಅಂಗಡಿಯವರನ್ನು ‘ಇದರಲ್ಲಿ ಎವಿ೧ ಎನ್‌ಕೋಡರು ಇದೆಯೋ?’ ಎಂದು ಮೊದಲು ವಿಚಾರಿಸಿರಿ.